ಒಂದು ಚಮಚೆ ಕೆಂಪು ಹಿಂಡಿ

ಹಂಚಿನಾಳ ಡಾಕ್ಟರನ ತಲೆಯೊಳಗೆ ಸಂಜೆಯ ಹೊತ್ತಿಗೆ ರಕ್ತನಾಳವೊಂದು ಒಡೆಯಲು ಹೊರಟಿದೆ ಎಂಬ ಸಂಗತಿ ಆ ಮಧ್ಯಾಹ್ನ ಇಡೀ ಹುಬ್ಬಳ್ಳಿಯಲ್ಲಿ ಒಬ್ಬಳಿಗೇ ಗೊತ್ತಿತ್ತು. ಅವಳಿಗೆ ಅದರಿಂದ ಸಂತೋಷವಾಯಿತು. ಸುಳ್ಳು ಯಾಕೆ ಹೇಳಬೇಕು, ಹೊಟ್ಟೆ ತಣ್ಣಗಾಗುವಷ್ಟು ಸಂತೋಷವಾಯಿತು.

ಅವಳ ಹೆಸರು ಶಿವಲೀಲಾ. ಊರ ಹೊರಗಿನ ಲಿವರ್ ಕಸಿ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಅವಳ ಕೆಲಸ. ಆ ಕೋಣೆಯನ್ನು ಎಲ್ಲರೂ 'ನೆರಳು ಕೋಣೆ' ಎಂದೇ ಕರೆಯುತ್ತಾರೆ. ಹಂಚಿನಾಳ ಆ ಆಸ್ಪತ್ರೆಯ ದೊಡ್ಡ ಸರ್ಜನ್. ಅವಳ ಬಾಯಲ್ಲಿ 'ಸರ್', ಮನಸ್ಸಿನಲ್ಲಿ 'ಅವನು'. ಕಥೆ ಅವಳದಾದ್ದರಿಂದ ನಾವೂ 'ಅವನು' ಎಂದೇ ಅನ್ನೋಣ. ಯಾವುದೋ ಹಳೆಯ ಕಾಲದಲ್ಲಿ ಆಪರೇಷನ್ ಮಾಡುವಾಗ ಸೂಜಿ ಚುಚ್ಚಿ ಬಂದ ಕಾಮಣಿ ರೋಗ ವರ್ಷಗಟ್ಟಲೆ ಒಳಗೊಳಗೇ ಅವನ ಲಿವರ್ ತಿಂದಿತ್ತು. ಈಗ ಅವನ ಶಿಷ್ಯೆ ಡಾಕ್ಟರ್ ರೇಷ್ಮಾ ಮುಲ್ಲಾ ಅವನಿಗೆ ಹೊಸ ಲಿವರ್ ಹಾಕಿದ್ದಳು. ಊರಿಗೆಲ್ಲ ಲಿವರ್ ಹಾಕಿದವನು ತಾನೇ ಹಾಕಿಸಿಕೊಂಡು ಮೂರನೇ ಮಹಡಿಯಲ್ಲಿ ತಲೆಗೆ ಟೊಪ್ಪಿಗೆ ಏರಿಸಿಕೊಂಡು ಮಲಗಿದ್ದ.

ಟೊಪ್ಪಿಗೆ ಅಂದರೆ ಬಲೆಯಂಥದು. ಅದರ ತುಂಬ ಸಾಸಿವೆ ಕಾಳಿನಷ್ಟು ಗುಂಡಿಗಳು. ಕಿವಿಗೆ ಕೇಳಿಸದ ಸಪ್ಪಳವನ್ನು ಅವು ಬುರುಡೆಯೊಳಗೆ ಕಳಿಸುತ್ತವೆ. ತಿರುಗಿ ಬಂದ ಸಪ್ಪಳದಿಂದ ಯಾವ ನಾಳದಲ್ಲಿ ರಕ್ತ ಎಷ್ಟು ರಭಸದಿಂದ ಹರಿಯುತ್ತಿದೆ, ಯಾವ ಗೋಡೆ ತೆಳುವಾಗಿದೆ ಎಂದು ಅಳೆಯುತ್ತವೆ. ಅದಕ್ಕೆ ರಕ್ತದೊತ್ತಡ, ಪ್ಲೇಟ್‌ಲೆಟ್, ಸೋಡಿಯಂ, ಕೊಟ್ಟ ಔಷಧಿ ಎಲ್ಲ ಕೂಡಿಸಿ ಕಂಪ್ಯೂಟರ್ ಆ ಮಿದುಳಿನ ರಕ್ತನಾಳಗಳ ಒಂದು ಪ್ರತಿರೂಪ ಕಟ್ಟುತ್ತದೆ. ಅದೇ ನೆರಳು. ಅದಕ್ಕೆ ಯೋಚನೆಯಿಲ್ಲ, ನೆನಪಿಲ್ಲ, ಬರೀ ರಕ್ತದ ಹರಿವು. ಆದರೆ ಅದರ ಗಡಿಯಾರ ರೋಗಿಯ ಗಡಿಯಾರಕ್ಕಿಂತ ಕೆಲವು ತಾಸು ಮುಂದೆ ಓಡುತ್ತದೆ. ರೋಗಿಯ ಮಿದುಳಿನಲ್ಲಿ ಸಂಜೆ ಆಗಬೇಕಾದ್ದು ನೆರಳಿನಲ್ಲಿ ಮಧ್ಯಾಹ್ನವೇ ಆಗಿಬಿಡುತ್ತದೆ. ನಾಳ ಒಡೆದರೆ ಪರದೆಯ ಮೇಲೆ ಕೆಂಪು ಹರಡುತ್ತದೆ, ಅದಕ್ಕೆ ಕೋಣೆಯವರು 'ನೆರಳು ನೆನೀತು' ಅನ್ನುತ್ತಾರೆ. ನಾಳ ಕಟ್ಟಿಕೊಂಡು ಮಿದುಳಿಗೆ ರಕ್ತ ಸಿಗದಿದ್ದರೆ ಕಪ್ಪಾಗುತ್ತದೆ, ಅದು 'ನೆರಳು ಒಣಗ್ತು'.

ಹೊಟ್ಟೆಯ ಆಪರೇಷನ್ನಿಗೂ ತಲೆಗೂ ಏನು ಸಂಬಂಧ ಎಂದು ಕೇಳಬೇಡಿ, ಇದೆ. ರಕ್ತ ಹೆಪ್ಪುಗಟ್ಟಲು ಬೇಕಾದ ಸಾಮಾನೆಲ್ಲ ತಯಾರಾಗುವುದು ಲಿವರಿನಲ್ಲೇ. ಲಿವರ್ ಕೆಟ್ಟವನ ರಕ್ತ ಮೊದಲೇ ನೀರು. ಹೊಸ ಲಿವರನ್ನು ಮೈ ತಳ್ಳಬಾರದೆಂದು ಕೊಡುವ ಗುಳಿಗೆ ರಕ್ತದೊತ್ತಡ ಏರಿಸುತ್ತದೆ. ಇನ್ನು ಹೊಸ ಲಿವರಿಗೆ ಹೊಲಿದ ಎಳೆಯಂಥ ರಕ್ತನಾಳ ಕಟ್ಟಿಕೊಳ್ಳಬಾರದೆಂದು ಕೆಲವರಿಗೆ ರಕ್ತ ತೆಳುವಾಗಿಸುವ ಔಷಧಿಯನ್ನೂ ಕೊಡುತ್ತಾರೆ. ಲಿವರ್ ಉಳಿಸಲು ಹೋದರೆ ತಲೆಗೆ ಅಪಾಯ, ತಲೆ ಉಳಿಸಲು ಹೋದರೆ ಲಿವರಿಗೆ ಅಪಾಯ. ಈ ಎರಡರ ನಡುವೆ ದಾರಿ ತೋರಿಸಲಿಕ್ಕೇ ನೆರಳು ಹುಟ್ಟಿದ್ದು.

ಕಂಪ್ಯೂಟರ್ ಒಂದೇ ನೆರಳನ್ನು ನೂರು ಸಲ ಓಡಿಸಿ ನೋಡುತ್ತದೆ. ನೂರರಲ್ಲಿ ಹತ್ತು ಸಲ ನೆನೆದರೂ ಸಾಕು, ಗಂಟೆ ಬಾರಿಸಬೇಕು ಎಂಬುದು ಮೊದಲಿನ ನಿಯಮ. ಹಂಚಿನಾಳನಿಗೆ ಆ ಗಂಟೆ ತಲೆನೋವಾಗಿತ್ತು. ಅವನು ಆ ಹತ್ತರ ಗೆರೆಯನ್ನು ಐವತ್ತಕ್ಕೆ ಏರಿಸಿದ. ಗಂಟೆ ಬಾರಿಸದೆ ಯಾರೂ ಮೇಲಕ್ಕೆ ಫೋನ್ ಮಾಡಕೂಡದು ಎಂದೂ ಆಜ್ಞೆ ಹೊರಡಿಸಿದ. ಗುರುವಿನ ಮಾತು ಮೀರಬಾರದೆಂದು ರೇಷ್ಮಾ ಗುರುವಿಗೂ ಅದೇ ಗೆರೆ ಇಟ್ಟಿದ್ದಳು.

ಈಗ ಹಂಚಿನಾಳನ ನೆರಳು ನೂರರಲ್ಲಿ ಮೂವತ್ತೆಂಟು ಸಲ ನೆನೆಯುತ್ತಿತ್ತು. ಏರುತ್ತಲೂ ಇತ್ತು. ಐವತ್ತಕ್ಕೆ ಮುಟ್ಟುವ ಹೊತ್ತಿಗೆ ತಲೆಯೊಳಗೆ ಆಗುವುದೆಲ್ಲ ಆಗಿಹೋಗಿರುತ್ತದೆ. ಗಂಟೆ ಬಾರಿಸಲಿಲ್ಲ, ಶಿವಲೀಲಾ ಫೋನ್ ಮಾಡಲಿಲ್ಲ ಅಂದರೆ ಅವಳನ್ನು ಕೇಳುವವರು ಯಾರು? ನಿಯಮ ಪಾಲಿಸಿದಳು ಎಂದು ಬೆನ್ನು ತಟ್ಟಿದರೂ ತಟ್ಟಿಯಾರು.

ಅವಳು ಕೈಕಟ್ಟಿ ಕುಳಿತಳು.

*

ಮೂರು ವರ್ಷದ ಹಿಂದೆ ಇದೇ ಹಂಚಿನಾಳ ಅವಳ ಹೊಟ್ಟೆ ಸೀಳಿ ಲಿವರಿನ ಒಂದು ಭಾಗ ತೆಗೆದು ಅವಳ ತಮ್ಮ ಮಾಂತೇಶನಿಗೆ ಹಾಕಿದ್ದ. ಮಾಂತೇಶ ಮದುವೆ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುವವನು. ಒಂದು ಹನಿ ಕುಡಿದವನಲ್ಲ, ರೋಗ ರಕ್ತದಲ್ಲೇ ಬಂದಿತ್ತು. ಆಪರೇಷನ್ ಚೆನ್ನಾಗಿ ಆಯಿತು. ಅಕ್ಕ ತಮ್ಮ ಅಕ್ಕಪಕ್ಕದ ಕೋಣೆಯಲ್ಲಿ ಮಲಗಿ ಗೋಡೆ ಬಡಿದು ಮಾತಾಡುತ್ತಿದ್ದರು. ಅವನು ಬೆರಳಲ್ಲಿ ಬ್ಯಾಂಡಿನ ತಾಳ ಹಾಕಿದರೆ ಇವಳು ಈ ಕಡೆಯಿಂದ ತಿರುಗಿ ಹಾಕುವಳು, ನಗು ಬಂದರೆ ಇಬ್ಬರಿಗೂ ಹೊಲಿಗೆ ನೋಯುತ್ತಿತ್ತು.

ಕೆಲವು ದಿನಕ್ಕೆ ಅವಳಿಗೆ ಮನೆ ಊಟಕ್ಕೆ ಅಪ್ಪಣೆಯಾಯಿತು. ತಾಯಿ ಬಸಲಿಂಗವ್ವ ಡಬ್ಬಿ ತಂದಳು. ಮೆತ್ತನೆ ಜೋಳದ ರೊಟ್ಟಿ, ಮೊಸರು, ಮಗಳಿಗೆ ಪ್ರೀತಿಯೆಂದು ಮೂಲೆಯಲ್ಲಿ ಒಂದಿಷ್ಟು ಕೆಂಪು ಹಿಂಡಿ. ಬ್ಯಾಡಗಿ ಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು ಹಾಕಿ ಲಿಂಬೆರಸ ಹಿಂಡಿ ಒರಳಲ್ಲಿ ಅರೆದದ್ದು. ಬಸಲಿಂಗವ್ವನ ಕೈ ಹಿಂಡಿಗೆ ಓಣಿಯೆಲ್ಲ ಡಬ್ಬಿ ಹಿಡಿದು ಬರುತ್ತಿತ್ತು. ವಾಸನೆ ಗೋಡೆಯಾಚೆ ಹೋಯಿತೋ ಏನೋ.

"ಲೀಲಕ್ಕಾ, ಬಾಯಿ ಸಪ್ಪಗ ಆಗೇತಿ," ಎಂದ ಮಾಂತೇಶ. "ಒಂದ ಚಮಚೆ. ಅವ್ವನ ಆಣಿ, ಯಾರಿಗೂ ಹೇಳಂಗಿಲ್ಲ."

ಅವಳು ಹೊಟ್ಟೆ ಹಿಡಿದುಕೊಂಡು ಎದ್ದು ಹೋಗಿ ಒಂದು ಚಮಚೆ ಹಿಂಡಿ ಅವನ ಗಂಜಿಗೆ ಹಚ್ಚಿ ಕೊಟ್ಟಳು. ಕೊಡಬಾರದಿತ್ತು, ಖರೆ. ಹೊಟ್ಟೆ ಕೆಡಬಹುದಿತ್ತು. ಅವನು ಕಣ್ಣು ಮುಚ್ಚಿ ಉಂಡ.

ಸಂಜೆ ಅವನ ಬಲಗೈ ಸ್ವಾಧೀನ ತಪ್ಪಿ ಬಿತ್ತು. ಆಮೇಲೆ ಮಾತು, ಆಮೇಲೆ ಉಸಿರು. ತಲೆಯೊಳಗೆ ರಕ್ತನಾಳ ಒಡೆದಿತ್ತು.

ಹಂಚಿನಾಳ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದ. "ನಿಮ್ಮ ಲಿವರ್ ಕೊನೀತನಕಾ ಭಾಳ ಛಲೋ ಕೆಲಸ ಮಾಡ್ತು," ಎಂದು ಶಿವಲೀಲಾಳಿಗೆ ಹೇಳಿದ, ಶಾಲೆಯಲ್ಲಿ ಬಹುಮಾನ ಕೊಡುವವನಂತೆ. ಅಷ್ಟರಲ್ಲಿ ನರ್ಸೊಬ್ಬಳು ಗಂಜಿಯ ಬಟ್ಟಲು ಹಿಡಿದು ಬಂದಳು. ಕೆಂಪು ಕಲೆ ನೋಡಿದ್ದೇ ಅವನ ಮುಖ ಹಗುರಾಯಿತು. ಬಸಲಿಂಗವ್ವನ ಕಡೆ ತಿರುಗಿ ಎಲ್ಲರ ಮುಂದೆ ಅಂದ: "ಅಯ್ಯ, ಹಿಂಡಿ ತಿನಿಸ್ಯಾರಲ್ಲಾ ಇವ್ರು! ಉಪ್ಪಿಗೆ ಬಿ.ಪಿ. ಏರ್ತು, ತಲ್ಯಾಗ ನಾಳ ಒಡೀತು. ನಾವರ ಏನ್ ಮಾಡೂಣು ಹೇಳ್ರಿ ಅವ್ವಾರ?"

ಒಂದೇ ಮಾತು. ಹೇಳಿ ಕಾರು ಹತ್ತಿ ಊಟಕ್ಕೆ ಹೋದ.

ಬಸಲಿಂಗವ್ವ ಅಲ್ಲಿ ಅಳಲಿಲ್ಲ. ಮನೆಗೆ ಬಂದು ಒರಳುಕಲ್ಲನ್ನು ಹಿತ್ತಲಿಗೆ ಉರುಳಿಸಿ ಬೋರಲು ಹಾಕಿದಳು. ಅಂದಿನಿಂದ ಮಗಳ ಕೈಯ ನೀರನ್ನೂ ಮುಟ್ಟಲಿಲ್ಲ. ಒಂದೇ ಮನೆ, ಎರಡು ಒಲೆ. ಶಿವಲೀಲಾ ಅನ್ನ ಮಾಡಿಟ್ಟರೆ, "ನಿನ್ನ ಕೈಯಾಗಿಂದು ನಂಗ ಬ್ಯಾಡವಾ," ಎಂದು ತನ್ನ ಪಾಲಿಗೆ ಬೇರೆ ಕುದಿಸಿಕೊಳ್ಳುವಳು. ಹಿರಿಯರ ಹಬ್ಬದಲ್ಲಿ ಮಗನಿಗೆ ಎಡೆ ಇಡುವಾಗ ಅವನಿಗೆ ಇಷ್ಟವಾದದ್ದೆಲ್ಲ ಎಲೆಯ ಮೇಲೆ ಇರುತ್ತಿತ್ತು, ಹಿಂಡಿಯೊಂದು ಬಿಟ್ಟು. ಹಿಂಡಿ ಅರೆದವಳು ತಾನೇ ಎಂಬ ಮಾತನ್ನು ಅವಳು ಒಂದು ದಿನವೂ ಆಡಲಿಲ್ಲ. ಶಿವಲೀಲಾಳೂ ಆಡಲಿಲ್ಲ. ಆ ಮಾತು ಮಾತ್ರ ಇಬ್ಬರ ನಡುವೆ ಮೂರನೆಯವರ ಹಾಗೆ ಕೂತಿರುತ್ತಿತ್ತು.

*

ಶಿವಲೀಲಾ ಮೊದಲು ಸ್ಕ್ಯಾನಿಂಗ್ ಸೆಂಟರಿನಲ್ಲಿ ಕೆಲಸಕ್ಕಿದ್ದವಳು. ತಮ್ಮ ಸತ್ತ ಮರುವರ್ಷ ನೆರಳು ಕೋಣೆಗೆ ಜನ ಬೇಕೆಂದಾಗ ಬಂದು ಸೇರಿದಳು. ತಮ್ಮ ಸತ್ತ ಆಸ್ಪತ್ರೆಗೇ ಚಾಕರಿಗೆ ಹೋದಳಲ್ಲ ಎಂದು ನೆಂಟರು ಮೂಗು ಮುರಿದರು. ಅವಳಿಗೆ ಒಂದೇ ಪ್ರಶ್ನೆ ಇತ್ತು: ಒಂದು ಚಮಚೆ ಹಿಂಡಿ ಒಬ್ಬನನ್ನು ಕೊಲ್ಲುತ್ತದೆಯೇ?

ಹೊಸಬರು ಕೆಲಸ ಕಲಿಯಲೆಂದು ಹಳೆಯ ರೋಗಿಗಳ ನೆರಳನ್ನು ಕಂಪ್ಯೂಟರಿನಲ್ಲಿ ಉಳಿಸಿರುತ್ತಾರೆ. ಹೆಸರಿರುವುದಿಲ್ಲ, ನಂಬರು ಮಾತ್ರ. ತಮ್ಮನ ಕೈಪಟ್ಟಿಯ ನಂಬರು ಅವಳಿಗೆ ಬಾಯಿಪಾಠವಾಗಿತ್ತು. ಒಂದು ಮಧ್ಯಾಹ್ನ ಉಳಿದವರು ಊಟಕ್ಕೆ ಹೋದಾಗ ತೆರೆದಳು.

ಪರದೆಯ ಮೇಲೆ ಮಾಂತೇಶನ ರಕ್ತ ಹರಿಯತೊಡಗಿತು. ಬೋಳು ಮರದ ಟೊಂಗೆಗಳಂಥ ನಾಳಗಳಲ್ಲಿ ಧಡ್ ಧಡ್ ಎಂದು. ಅವಳು ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು. ಆಮೇಲೆ ಮೂಗು ಒರೆಸಿಕೊಂಡು ಕೆಲಸಕ್ಕೆ ಕೂತಳು. ಒಂದು ಚಮಚೆ ಹಿಂಡಿಯ ಉಪ್ಪು ಹಾಕಿದಳು. ಒತ್ತಡ ಕೂದಲೆಳೆಯಷ್ಟು ಏರಿ ಇಳಿಯಿತು. ಎರಡು ಚಮಚೆ ಹಾಕಿದಳು, ಬಟ್ಟಲು ತುಂಬ ಹಾಕಿದಳು, ನೆರಳು ನೆನೆಯುವ ಲೆಕ್ಕ ಅಲ್ಲಾಡಲಿಲ್ಲ. ಆಮೇಲೆ ಹಂಚಿನಾಳ ಅವನಿಗೆ ಕೊಡಿಸಿದ್ದ ರಕ್ತ ತೆಳುವಾಗಿಸುವ ಔಷಧಿಯನ್ನು ತೆಗೆದು ನೋಡಿದಳು. ನೆರಳು ಆ ಸಂಜೆ ದಾಟಿತು. ಮರುದಿನ ದಾಟಿತು. ನೆನೆಯಲೇ ಇಲ್ಲ.

ಇನ್ನೊಂದೂ ಕಂಡಿತು. ಅವತ್ತು ಗಂಟೆ ಬಾರಿಸಿತ್ತು. ಆಗ ಗೆರೆ ಹತ್ತಕ್ಕೇ ಇತ್ತು. ಮಧ್ಯಾಹ್ನವೇ ಬಾರಿಸಿ, ಕೋಣೆಯಿಂದ ಫೋನೂ ಹೋಗಿ, ಕೊನೆಗೆ ಹಂಚಿನಾಳನ ಹೆಬ್ಬೆರಳಿನ ಗುರುತಿನಿಂದ ಬಂದ್ ಆಗಿತ್ತು. ಲಿವರಿನ ನಾಳ ಕಟ್ಟಿಕೊಂಡರೆ ಅವನ ಆಪರೇಷನ್ ಕೆಟ್ಟಿತು ಅನ್ನುತ್ತಾರೆ, ತಲೆ ಒಡೆದರೆ ರೋಗಿಯ ನಸೀಬು ಅನ್ನುತ್ತಾರೆ. ಅವನು ಔಷಧಿ ನಿಲ್ಲಿಸದೆ ತಾನು ಹೊಲಿದ ಲಿವರನ್ನು ಆರಿಸಿಕೊಂಡ. ಆ ವಾರವೇ ಗೆರೆಯನ್ನು ಐವತ್ತಕ್ಕೆ ಏರಿಸಿದ, ಮತ್ತೆ ಯಾವ ಗಂಟೆಯೂ ಅವನಿಗೆ ಅಡ್ಡ ಬರದ ಹಾಗೆ.

ಅವಳು ತಾಯಿಗೆ ಎಲ್ಲ ಬಿಡಿಸಿ ಹೇಳಿದಳು. ಬಸಲಿಂಗವ್ವ ಅಕ್ಕಿ ಆರಿಸುತ್ತ ಕೇಳಿಸಿಕೊಂಡಳು.

"ಮಶೀನ್ ಹೇಳಿದ್ದು ನಂಗ ತಿಳಿಯಂಗಿಲ್ಲ ಲೀಲಾ. ಅಷ್ಟ ದೊಡ್ಡ ಡಾಕ್ಟರ ಬಾಯಿಬಿಟ್ಟ ಹೇಳ್ಯಾರ. ಅವ್ರಿಗೆ ಸುಳ್ಳ ಹೇಳಿ ಆಗಬೇಕಾದ್ದರ ಏನೈತಿ? ಅವ್ರ ಬಾಯಿಂದ ಬಂದದ್ದು ಅವ್ರ ಬಾಯಿಂದನ ಹೋಗಬೇಕು."

ಹಂಚಿನಾಳನ ಬಳಿಗೂ ಹೋದಳು. ಅವನು ಕನ್ನಡಕದ ಮೇಲಿಂದ ನೋಡಿದ. "ಹಳೇದೆಲ್ಲಾ ಕೆದರಬಾರದವಾ. ನೌಕರಿ ಛಲೋ ಐತೆಲ್ಲೋ? ಮಾಡ್ಕೊಂಡ ಹೋಗು," ಎಂದ. ಯಾರ ತಮ್ಮ, ಯಾವ ಹಿಂಡಿ ಎಂದೂ ಕೇಳಲಿಲ್ಲ.

ಅವತ್ತಿನಿಂದ ಅವಳು ಕಾಯುತ್ತಿದ್ದಳು. ಮಾಂತೇಶನ ನೆರಳನ್ನು, ಆ ಔಷಧಿ ಇಲ್ಲದೆ ಬದುಕಿದ್ದನ್ನು, ಕಂಪ್ಯೂಟರಿನ ಒಂದು ಮೂಲೆಯಲ್ಲಿ ನಿಲ್ಲಿಸದೆ ಓಡಿಸುತ್ತಲೇ ಇದ್ದಳು. ಪಾಳಿಗೆ ಬಂದ ಕೂಡಲೇ ಒಮ್ಮೆ ತೆರೆದು ನೋಡುವಳು. ಧಡ್ ಧಡ್ ಎನ್ನುತ್ತಿದ್ದರೆ ಮುಚ್ಚುವಳು.

*

ನಲವತ್ತೊಂದು.

ಶಿವಲೀಲಾ ಪರದೆ ನೋಡುತ್ತಿದ್ದಳು. ನೋಡು, ಮಾಂತೇಶಾ, ಅಂದುಕೊಂಡಳು, ಬಂದ ನೋಡು ನಿನ್ನ ದಾರಿಗೆ. ತಾನೇ ಏರಿಸಿದ ಗೆರೆ, ತಾನೇ ಬಾಯಿ ಮುಚ್ಚಿಸಿದ ಗಂಟೆ. ದೇವರಿದ್ದಾನೆ ಎಂದು ಅವಳಿಗೆ ಬಹಳ ದಿನದ ಮೇಲೆ ಅನಿಸಿತು.

ಸಾಯುವುದನ್ನು ಪೂರ್ತಿ ನೋಡಬೇಕೆಂಬ ಆಸೆಯಾಯಿತು. ನೆರಳನ್ನು ಇನ್ನೂ ಮುಂದಕ್ಕೆ, ನಾಳೆಗೆ, ಆಚೆ ವಾರಕ್ಕೆ ಓಡಿಸಿದಳು. ಕೆಂಪು ಹರಡಿತು, ನಿಂತಿತು, ಹೆಪ್ಪುಗಟ್ಟಿತು. ನೆರಳು ಸಾಯಲಿಲ್ಲ. ಮತ್ತೆ ಓಡಿಸಿದಳು. ಮತ್ತೂ ಅದೇ. ಒಡೆಯುವ ನಾಳ ಎಡಗಡೆ, ಕಿವಿಯ ಮುಂದಕ್ಕೆ, ಮಾತು ಹುಟ್ಟುವ ಜಾಗಕ್ಕೆ ರಕ್ತ ಒಯ್ಯುವಂಥದು. ಹಂಚಿನಾಳ ಬದುಕುತ್ತಾನೆ. ಉಣ್ಣುತ್ತಾನೆ, ನಿದ್ದೆ ಮಾಡುತ್ತಾನೆ, ಗಾಲಿ ಕುರ್ಚಿಯಲ್ಲಿ ಬಿಸಿಲಿಗೆ ಕೂಡುತ್ತಾನೆ. ಮಾತು ಮಾತ್ರ ಇರುವುದಿಲ್ಲ. ಯಾವತ್ತಿಗೂ.

ಶಿವಲೀಲಾ ಓಡಿಸುವುದನ್ನು ನಿಲ್ಲಿಸಿದಳು.

ಅವನ ಬಾಯಿಂದ ಬಂದದ್ದು ಅವನ ಬಾಯಿಂದಲೇ ಹೋಗಬೇಕು. ಆ ಬಾಯಿಯೇ ಸಂಜೆ ಮುಚ್ಚಿಹೋಗುತ್ತದೆ. ಆಮೇಲೆ ಅವನು ಪಾಪ ಎನಿಸಿಕೊಂಡು ಜೊಲ್ಲು ಸುರಿಸುತ್ತ ಕೂಡುತ್ತಾನೆ. ಇವಳು ತಮ್ಮನನ್ನು ಕೊಂದವಳೆಂದೇ ತಾಯಿಯ ಎದುರು ಇರುತ್ತಾಳೆ, ತಾಯಿ ಕಣ್ಣು ಮುಚ್ಚುವವರೆಗೂ. ಎಂಥ ಬಡ್ಡೀಮಗ ಇವನು! ಬಿದ್ದರೂ ಇವಳ ಮೇಲೇ ಬೀಳುತ್ತಾನಲ್ಲ!

ಅವನು ನೆಮ್ಮದಿಯಾಗಿ ಮೂಕನಾಗುವುದನ್ನು ಅವಳಿಂದ ತಡೆದುಕೊಳ್ಳಲಾಗಲಿಲ್ಲ. ಫೋನ್ ಎತ್ತಿದಳು.

"ಮೇಡಂ, ನೆರಳು ಕೋಣಿಯಿಂದ. ಹಂಚಿನಾಳ ಸರ್ದು ನೆನ್ಯಾಕತ್ತೇತಿ. ಎಡಗಡೆ."

"ಗಂಟಿ ಹೊಡದಿಲ್ಲಲ್ಲಾ ಲೀಲಾ?" ರೇಷ್ಮಾಳ ದನಿ ಗಾಬರಿಯಾಯಿತು. "ಎಷ್ಟೈತಿ?"

"ನಲವತ್ಮೂರು. ಗಂಟಿ ಕಾಯ್ಕೋತ ಕುಂತ್ರ ಸರ್ ಮತ್ತ ಮಾತಾಡಂಗಿಲ್ರಿ. ಆ ಗೆರಿ ಹಾಕಿದಾವ್ರು ಅವ್ರ, ನೀವಲ್ಲ. ರಕ್ತ ತೆಳ್ಳಗ ಮಾಡೂ ಔಷಧ ನಿಲ್ಲಸ್ರಿ, ಅದಕ್ಕ ಎದುರ ಇಂಜೆಕ್ಷನ್ ಕೊಡ್ರಿ, ಪ್ಲೇಟ್‌ಲೆಟ್ ಏರಸ್ರಿ. ಬಿ.ಪಿ. ಸಾವಕಾಶ ಇಳಸ್ರಿ, ನಾ ಇಲ್ಲಿಂದ ನೋಡಿ ಹೇಳ್ತೀನಿ."

"ಲಿವರಿಂದು ನಾಳ ಕಟ್ಕೊಂಡ್ರ?"

"ಕಟ್ಕೊಂಡ್ರ ಮತ್ತ ಹೊಟ್ಟಿ ತೆಗದ ನೋಡಬಹುದು, ಮೇಡಂ. ತಲಿ?"

ರೇಷ್ಮಾ ಓಡಿದಳು. ಫೋನ್ ಕೆಳಗಿಡಲಿಲ್ಲ. ಆ ಸದ್ದುಗದ್ದಲದ ನಡುವೆ ಒಬ್ಬ ಹೆಂಗಸು ಬಿಕ್ಕುವುದು ಕೇಳಿಸಿತು. ಹಂಚಿನಾಳನ ಹೆಂಡತಿ ಕಸ್ತೂರಿಬಾಯಿ.

"ನಾನ ಕೊಟ್ಟೇನ್ರೀ. ಬಾಯಿ ಕೆಟ್ಟೇತಿ ಅಂದ್ರು, ಲಿಂಬಿಕಾಯಿ ಉಪ್ಪಿನಕಾಯಿ ರಸ ಒಂದೀಟು ಅನ್ನಕ್ಕ ಕಲಿಸಿ ಕೊಟ್ಟೇನಿ. ಅದಕ್ಕ ಹಿಂಗಾತೇನ್ರಿ? ನಾನ ಮಾಡಿದ್ನೇನ್ರಿ?"

ಶಿವಲೀಲಾಳಿಗೆ ಆ ದನಿ ಗೊತ್ತಿತ್ತು. ಅದು ಅವಳದೇ ದನಿ. ಆದರೆ ಈಗ ಸಮಯವಿರಲಿಲ್ಲ.

ಒತ್ತಡ ಇಳಿಯತೊಡಗಿತು. ನಲವತ್ತು. ಮೂವತ್ತಾರು. ಪರದೆಯ ಇನ್ನೊಂದು ಮೂಲೆಯಲ್ಲಿ ಕಪ್ಪು ಕಾಣಿಸಿತು.

"ನಿಲ್ಲಸ್ರಿ! ಇನ್ನ ಇಳಸಬ್ಯಾಡ್ರಿ, ಹಿಂದಿನ ಕಡೆ ಒಣಗಾಕತ್ತೇತಿ. ಒಂದ ಚೂರ ಏರಸ್ರಿ. ಸಾಕು. ಹಂಗ ಇರ್ಲಿ."

ಕೆಂಪು ಹಿಂದೆ ಸರಿದರೆ ಕಪ್ಪು ಮುಂದೆ ಬರುವುದು, ಕಪ್ಪು ಹೋದರೆ ಕೆಂಪು. ಹಲ್ಲು ಕಚ್ಚಿ ಅವಳು ಅವನನ್ನು ಎರಡರ ನಡುವೆ ಹಿಡಿದಳು. ಬದುಕೋ, ಎಂದು ಪರದೆಗೆ ಬೈದಳು. ಬದುಕು. ನಿನ್ನ ನಾಲಿಗೆಯೊಂದು ಉಳಿದರೆ ಸಾಕು, ಉಳಿದದ್ದು ನೀನೇ ಇಟ್ಟುಕೋ.

ಸಂಜೆ ಅವನ ತಲೆಯೊಳಗೆ ಕಡಲೆಕಾಳಿನಷ್ಟು ರಕ್ತ ಜಿನುಗಿ ನಿಂತಿತು. ಅಷ್ಟೇ. ಬಾಯಿಯ ಬಲ ಮೂಲೆ ಸ್ವಲ್ಪ ಇಳಿಯಿತು, ಬಲಗಾಲು ತುಸು ಸೋತಿತು. ಮಾತು ಉಳಿಯಿತು, ಆದರೆ ಅದರ ಓಟ ಹೋಯಿತು. ಒಂದೊಂದು ಶಬ್ದವನ್ನೂ ಬಾವಿಯಿಂದ ಸೇದಿದ ಹಾಗೆ ಮೇಲೆ ತರಬೇಕಾಯಿತು. ಲಿವರಿನ ನಾಳವೂ ಕಟ್ಟಿಕೊಳ್ಳಲಿಲ್ಲ. ಮರುದಿನ ರೇಷ್ಮಾ ಯಾರನ್ನೂ ಕೇಳದೆ ಎಲ್ಲ ರೋಗಿಗಳ ಗೆರೆಯನ್ನು ಹತ್ತಕ್ಕೆ ಇಳಿಸಿದಳು.

*

ಅವನು ದಿಂಬಿಗೊರಗಿ ಕೂಡುವಷ್ಟಾದ ಮೇಲೆ ಶಿವಲೀಲಾ ಮೂರನೇ ಮಹಡಿಗೆ ಹೋದಳು. ಕಸ್ತೂರಿಬಾಯಿ ಗಂಡನ ಗಲ್ಲಕ್ಕೆ ಸೋರಿದ ಗಂಜಿ ಒರೆಸುತ್ತಿದ್ದಳು. ನಾಲ್ಕೇ ದಿನದಲ್ಲಿ ಹತ್ತು ವರ್ಷ ಮುದಿಯಾಗಿದ್ದಳು.

"ನೆರಳ... ಏನಂತದ?" ಎಂದ ಹಂಚಿನಾಳ. ಈಗ ಕೋಣೆಗೆ ಯಾರೇ ಬಂದರೂ ಅವನಿಗೆ ಅದೊಂದೇ ಪ್ರಶ್ನೆ. ಟೊಪ್ಪಿಗೆ ತೆಗೆಯಲು ಬಂದ ನರ್ಸಿನ ಕೈ ಹಿಡಿದು ಬೇಡ ಎಂದು ಅತ್ತಿದ್ದನಂತೆ.

"ನೆರಳ ಆರಾಮೈತ್ರಿ. ನಾ ಯಾರಂತ ಗುರ್ತ ಸಿಕ್ತೇನ್ರಿ?"

ಅವನು ನೋಡಿದ. ಗುರುತು ಸಿಗಲಿಲ್ಲ. "ಸಿಸ್ಟ...ರ?"

ಶಿವಲೀಲಾ ಸೆರಗು ಒಂದಿಷ್ಟು ಸರಿಸಿದಳು. ಪಕ್ಕೆಲುಬಿನ ಕೆಳಗಿಂದ ಹೊಟ್ಟೆಗೆ ತಿರುಗಿದ ಗಾಯದ ಗೆರೆ. ಅವನ ಕಣ್ಣು ಅದರ ಮೇಲೆ ಓಡಿತು, ನಿಂತಿತು. ಮುಖ ಮರೆತಿದ್ದ ಅವನಿಗೆ ತನ್ನ ಹೊಲಿಗೆ ಮಾತ್ರ ಗುರುತು ಸಿಕ್ಕಿತು.

"ಬ್ಯಾಂಡ...ನವ. ಅಕ್ಕ."

"ಹೌದ್ರಿ. ಹಿಂಡಿ ತಿನಿಸಿ ತಮ್ಮನ್ನ ಕೊಂದಾಕಿ." ಅವಳು ಕೈಯಲ್ಲಿದ್ದ ಟ್ಯಾಬ್ ಅವನ ತೊಡೆಯ ಮೇಲಿಟ್ಟಳು. ಎರಡು ನೆರಳು ಪಕ್ಕ ಪಕ್ಕ ಓಡುತ್ತಿದ್ದವು. "ಇದು ಬಟ್ಟಲಗಟ್ಟಲೆ ಹಿಂಡಿ ತಿಂದ ಮಾಂತೇಶ, ಆದ್ರ ನಿಮ್ಮ ಔಷಧ ಇಲ್ಲ. ವರ್ಷದ ಮ್ಯಾಲಾತು, ಇನ್ನೂ ಓಡಾಕತ್ತಾನ. ಇದು ಒಂದ ಹರಳ ಉಪ್ಪ ತಿನ್ನಲಾರದ ಮಾಂತೇಶ, ನಿಮ್ಮ ಔಷಧ ಹಂಗ ಐತಿ. ನೋಡ್ರಿ, ನೆನೀತು. ಗಂಟಿ ಹೊಡದಿತ್ತು. ಬಂದ್ ಮಾಡಿದ ಹೆಬ್ಬಟ್ಟ ನಿಮ್ದು."

ಸರ್ಜನ್ನಿಗೆ ಓದಲು ಬರುತ್ತಿತ್ತು. ಎಲ್ಲವನ್ನೂ ಓದಿದ. ಕಣ್ಣು ಮುಚ್ಚಿಕೊಂಡ.

ಕಸ್ತೂರಿಬಾಯಿ ಕೈಯಲ್ಲಿ ಬಟ್ಟೆ ಹಿಡಿದು ನಿಂತಿದ್ದಳು. "ಅಂದ್ರ... ನನ್ನ ಉಪ್ಪಿನಕಾಯಿನೂ...?"

"ನಿಮ್ಮ ಉಪ್ಪಿನಕಾಯಿದು ಏನೂ ಇಲ್ಲಕ್ಕಾರ. ನಿಮ್ಮ ಯಜಮಾನ್ರ ಗೆರಿ, ನಿಮ್ಮ ಯಜಮಾನ್ರ ಔಷಧ. ಅವ್ರಿಗೆ ಅವತ್ತಿಂದನೂ ಗೊತ್ತೈತಿ. ನಾಲ್ಕ ದಿನದಿಂದ ನೀವ ಅಳೂದು ನೋಡ್ಯಾರಲ್ಲಾ, ಒಮ್ಮೆರ 'ನಿನ್ನ ತಪ್ಪಲ್ಲ' ಅಂದಾರೇನ್ರಿ?"

ಕಸ್ತೂರಿಬಾಯಿ ಗಂಡನ ಕಡೆ ತಿರುಗಿದಳು. ಅವನು ಕಣ್ಣು ತೆರೆಯಲಿಲ್ಲ. ಕೈಯಲ್ಲಿನ ಬಟ್ಟೆಯನ್ನು ಅವನ ಎದೆಯ ಮೇಲೆ ಎಸೆದಳು.

"ನಿಂಗ ಏನ ಬೇಕವಾ?" ಎಂದು ಶಿವಲೀಲಾಳನ್ನು ಕೇಳಿದಳು.

"ನಮ್ಮ ಮನಿಗೆ ಬರಬೇಕು. ನಮ್ಮವ್ವನ ಮುಂದ ಕುಂತು, ಅವತ್ತ ಆಡಿದ ಮಾತ ತಿರುಗಿ ತಗೋಬೇಕು. ಇಷ್ಟ."

"ಮೆಡಿಕಲ್... ಕೌನ್ಸಿಲ್...ಗೆ?" ಎಂದ ಹಂಚಿನಾಳ, ಕಣ್ಣು ತೆರೆದು.

"ಅಲ್ಲಿಗೆ ಅರ್ಜಿ ಆಗಲೇ ಹೋಗೇತ್ರಿ. ನಿಮ್ಮ ಡಾಕ್ಟರ ಲೈಸೆನ್ಸ್ ಕಸ್ಕೋತಾರೋ ಬಿಡ್ತಾರೋ ಅದು ಅವ್ರ ಕೆಲಸ. ಇದು ನನ್ನ ಕೆಲಸ. ಬರೂದಿಲ್ಲಂದ್ರ ಬ್ಯಾಡ್ರಿ. ನಿಮ್ಮ ನೆರಳ ನೋಡಾಕಿ ನಾನ ಅದೀನಿ, ನೆನಪಿರಲಿ."

ಹೆದರಿಸಲೆಂದೇ ಅಂದಳು. ಅವನು ಹೆದರಿದ್ದು ಕಂಡು ಅವಳಿಗೆ ಚೂರೂ ನಾಚಿಕೆಯಾಗಲಿಲ್ಲ.

"ಬರ್ತಾರ," ಎಂದಳು ಕಸ್ತೂರಿಬಾಯಿ. "ನಾ ಕರ್ಕೊಂಡ ಬರ್ತೇನಿ."

*

ಹಳೇ ಹುಬ್ಬಳ್ಳಿಯ ಓಣಿಯಲ್ಲಿ ಕಾರು ಹಿಡಿಸಲಿಲ್ಲ. ಹಂಚಿನಾಳ ಹೆಂಡತಿಯ ಭುಜ ಹಿಡಿದು, ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು, ಒಂದು ಕಾಲು ಎಳೆಯುತ್ತ ನಡೆದು ಬಂದ. ಓಣಿಯ ಹೆಂಗಸರು ಬಾಗಿಲಿಗೆ ಬಂದು ನಿಂತರು. ಅವತ್ತು ಆಸ್ಪತ್ರೆಯಲ್ಲಿ ಆ ಮಾತು ಕೇಳಿದವರೂ ಅವರಲ್ಲಿ ಇದ್ದರು.

ಬಸಲಿಂಗವ್ವ ನಡುಮನೆಯಲ್ಲಿ ಕಂಬಳಿ ಹಾಸಿ ಕೂರಿಸಿದಳು. ಬಂದವರಿಗೆ ಕೊಡುವ ಹಾಗೆ ನೀರು, ಬೆಲ್ಲ ತಂದಿಟ್ಟಳು. ಕಾಯಿಸಿ ಆರಿಸಿದ ನೀರೇ, ಆ ಮಟ್ಟಿನ ತಿಳಿವಳಿಕೆ ಅವಳಿಗಿತ್ತು. ಎದುರಿಗೆ ಕೂತಳು.

"ಹೇಳ್ರಿ ಸಾಹೇಬ್ರ."

ಹಂಚಿನಾಳ ಬಾಯಿ ತೆರೆದ. ಶಬ್ದ ಬರಲಿಲ್ಲ. ಮತ್ತೆ ತೆರೆದ. ಮೂರು ವರ್ಷದ ಹಿಂದೆ ಕೈ ಒರೆಸಿಕೊಳ್ಳುವಷ್ಟರಲ್ಲಿ ಆಡಿ ಮುಗಿಸಿದ ಮಾತು ಅದು. ಈಗ ಅವನ ಹಣೆಯ ಮೇಲೆ ಬೆವರು ಒಡೆಯಿತು. ಯಾರೂ ಅವನಿಗೆ ಶಬ್ದ ಎತ್ತಿಕೊಡಲಿಲ್ಲ, ಹೆಂಡತಿಯೂ.

"ಹಿಂಡಿ... ಅಲ್ಲ. ಹಿಂಡಿ...ಯಿಂದ ಅಲ್ಲ. ನನ್ನ... ಔಷ...ಧ. ಗಂಟಿ... ನಾ... ಬಂದ್ ಮಾಡಿ...ದೆ. ಮಗಳದು... ತಪ್ಪ... ಇಲ್ಲ. ಅರದ...ವರದೂ... ಇಲ್ಲ."

ಕೊನೆಯ ಮಾತು ಹೇಳು ಎಂದು ಶಿವಲೀಲಾ ಹೇಳಿಕೊಟ್ಟಿರಲಿಲ್ಲ. ಅದು ಹೇಗೆ ಬಂತೋ, ಹೆಂಡತಿ ದಾರಿಯಲ್ಲಿ ಹೇಳಿದ್ದಳೋ ಏನೋ. ಬಸಲಿಂಗವ್ವ ಮಗಳ ಕಡೆ ಒಮ್ಮೆ ನೋಡಿದಳು. ಮೂರು ವರ್ಷ ಅಳದವಳು ಈಗಲೂ ಅಳಲಿಲ್ಲ. ಮಂಡಿಗೆ ಕೈಯೂರಿ ಎದ್ದಳು.

"ಊಟದ ಹೊತ್ತಿಗೆ ಬಂದೀರಿ. ಉಂಡ ಹೋಗ್ರಿ."

"ಬ್ಯಾ...ಡ," ಎಂದ ಹಂಚಿನಾಳ ಗಾಬರಿಯಿಂದ. "ಪತ್ಯ..."

"ಹಂಗಂದ್ರ ಹ್ಯಾಂಗ್ರಿ? ನಮ್ಮ ಹೊಸ್ತಲ ದಾಟಿ ಬಂದಾವ್ರು ಉಣಲಾರದ ಹೋಗೂದಿಲ್ಲ." ಅವಳು ಹಿತ್ತಲಿಗೆ ಹೋದಳು. "ಲೀಲಾ, ಬಾ ಇಲ್ಲೆ. ಒರಳ ಎತ್ತಾಕ ಕೈ ಹಚ್ಚು."

ತಾಯಿ ಮಗಳು ಕೂಡಿ ಒರಳನ್ನು ನೆಟ್ಟಗೆ ಮಾಡಿದರು. ಕೆಳಗೆ ಬಿಳಿ ಬೇರು, ಮಣ್ಣು, ಒಂದೆರಡು ಹುಳ. ಬಸಲಿಂಗವ್ವ ಬಿಸಿನೀರು ಸುರಿದು ಮೂರು ಸಲ ತಿಕ್ಕಿ ತೊಳೆದಳು. ಮೆಣಸಿನಕಾಯಿಯನ್ನೂ ಕುದಿನೀರಿನಲ್ಲಿ ನೆನೆಸಿದಳು. ಆಮೇಲೆ ಕೂತು ತಾನೇ ಅರೆದಳು. ಗರಗರ ಸದ್ದು ನಡುಮನೆಗೆ ಕೇಳಿಸುತ್ತಿತ್ತು. ಕಾರದ ಘಾಟು ಮನೆ ತುಂಬಿತು. ಹಂಚಿನಾಳ ಕೂತಲ್ಲೇ ಕೆಮ್ಮಿದ. ಎದ್ದು ಹೋಗಲು ಹೆಂಡತಿಯ ಕಡೆ ಕೈ ಚಾಚಿದ. ಕಸ್ತೂರಿಬಾಯಿ ಕೈ ಕೊಡಲಿಲ್ಲ.

ತಾಟು ಬಂತು. ಬಿಸಿ ರೊಟ್ಟಿ. ಪಕ್ಕದಲ್ಲಿ ಒಂದು ಚಮಚೆ ಕೆಂಪು ಹಿಂಡಿ.

"ಇದರಿಂದ ಏನೂ ಆಗೂದಿಲ್ಲ ಅಂತ ನೀವ ಹೇಳಿದ್ರಲ್ಲಾ ಸಾಹೇಬ್ರ," ಎಂದಳು ಬಸಲಿಂಗವ್ವ, ದನಿ ಏರಿಸದೆ. "ಬಾಯಿಲೆ ಹೇಳಿದ್ದು ಬಾಯಿಲೆ ತೋರಿಸ್ರಿ."

ಏನೂ ಆಗುವುದಿಲ್ಲ ಎಂದು ಅವನಷ್ಟು ಚೆನ್ನಾಗಿ ಬಲ್ಲವರು ಆ ಮನೆಯಲ್ಲಿ ಯಾರೂ ಇರಲಿಲ್ಲ. ಆದರೂ ತಾಟನ್ನು ಒಮ್ಮೆ ಹಿಂದಕ್ಕೆ ತಳ್ಳಿ, ಮತ್ತೆ ಎಳೆದುಕೊಂಡ. ರೊಟ್ಟಿ ಮುರಿದ. ಹಿಂಡಿಗೆ ಅದ್ದಿದ. ಮಾಸ್ಕ್ ಕೆಳಗೆ ಎಳೆದು ಇಳಿಬಿದ್ದ ಬಾಯಿಯ ಮೂಲೆಯಿಂದ ಒಳಗೆ ಹಾಕಿಕೊಂಡ. ಎಡಗೈ ತಾನಾಗಿ ತಲೆಗೆ, ಈಗ ಟೊಪ್ಪಿಗೆ ಇಲ್ಲದ ಬೋಳು ತಲೆಗೆ ಹೋಯಿತು. ಒಳಗೆ ಏನಾದರೂ ಒಡೆಯಿತೇ ಎಂದು ಕೇಳಿಸಿಕೊಳ್ಳುವವನಂತೆ ಕೂತ. ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಕಾರಕ್ಕೋ ಭಯಕ್ಕೋ ಶಿವಲೀಲಾಳಿಗೆ ತಿಳಿಯಲಿಲ್ಲ, ಎರಡಕ್ಕೂ ಆದರೆ ಇನ್ನೂ ಒಳ್ಳೆಯದು ಎಂದುಕೊಂಡಳು. ಇನ್ನೊಂದು ತುತ್ತು. ಇನ್ನೊಂದು. ಬಾಗಿಲಲ್ಲಿ ನಿಂತ ಹೆಂಗಸರಲ್ಲಿ ಒಬ್ಬರೂ ಅಲುಗಲಿಲ್ಲ. ತಾಟು ಬರಿದಾಯಿತು. ಹಂಚಿನಾಳನಿಗೆ ಏನೂ ಆಗಲಿಲ್ಲ.

ಬಸಲಿಂಗವ್ವ ಅವನ ತಾಟನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಗೂಡಿನಿಂದ ತನ್ನ ತಾಟು ತೆಗೆದು ಮಗಳ ಮುಂದೆ ಇಟ್ಟು ಕೂತಳು.

"ನಂಗೂ ನೀಡವಾ."

ಶಿವಲೀಲಾ ನೀಡಿದಳು. ಕೈ ತಪ್ಪಿ ಹಿಂಡಿ ತಾಟಿನ ಅಂಚಿಗೆ ಬಿತ್ತು. ಬಸಲಿಂಗವ್ವ ಅದನ್ನು ಬೆರಳಲ್ಲಿ ಬಳಿದು ಬಾಯಿಗಿಟ್ಟುಕೊಂಡಳು. ಉಪ್ಪು ನೋಡುವವಳಂತೆ ಚಪ್ಪರಿಸಿದಳು. ಹಂಚಿನಾಳ ಇದೇ ಸಮಯವೆಂದು ನೆಲಕ್ಕೆ ಕೈಯೂರಿ ಏಳಲು ಹವಣಿಸುತ್ತಿದ್ದ.

"ಲೀಲಾ," ಎಂದಳು ಬಸಲಿಂಗವ್ವ ಅವನ ಕಡೆ ನೋಡದೆ, "ಸಾಹೇಬ್ರ ತಾಟ ಬರಿದಾಗೇತಿ. ಇನ್ನೊಂದ ಚಮಚೆ ಹಾಕವ್ರಿಗೆ."